ಶಾಲಾ ಲ್ಯಾಬ್ ನೆಟ್‌ವರ್ಕ್: ಡಿಎಚ್‌ಸಿಪಿ ಕೆಲಸ ಎಲ್ಲಿಗೆ ಬಂತು

ಬೇಕಿರುವುದು: 30 ಡೆಸ್ಕ್‌ಟಾಪ್, ಒಂದು ಪ್ರಿಂಟರ್, 4 ಕ್ಯಾಮೆರಾ, ಶಿಕ್ಷಕರ ಫೋನುಗಳು ಎಲ್ಲಕ್ಕೂ ಐಪಿ ವಿಳಾಸ ತಾನಾಗಿ ಸಿಗಬೇಕು. ಯಾವ ಯಂತ್ರಕ್ಕೆ ಯಾವ ವಿಳಾಸ ಹೋಯಿತು ಎಂಬುದು ಒಂದೇ ಕಡೆ ಕಾಣಬೇಕು. ರೌಟರ್‌ನಲ್ಲಿರುವ ಡಿಎಚ್‌ಸಿಪಿಗೆ (ಯಂತ್ರಗಳಿಗೆ ವಿಳಾಸ ತಾನಾಗಿ ಹಂಚುವ ಸೇವೆ) ಲಾಗ್ (ನಡೆದದ್ದರ ದಾಖಲೆ) ಇಲ್ಲದ ಕಾರಣ ಈ ಕೆಲಸವನ್ನು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂಗೆ ವಹಿಸಲಾಗಿದೆ.

ವಿಳಾಸಗಳ ಹಂಚಿಕೆ (ಮುಗಿದಿದೆ)

ಇದನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ನೆಟ್‌ವರ್ಕ್ 192.168.10.0, ಮಾಸ್ಕ್ 255.255.255.0 (ಅಂದರೆ ವಿಳಾಸದ ಮೊದಲ ಮೂರು ಸಂಖ್ಯೆ ಎಲ್ಲರಿಗೂ ಒಂದೇ). ಕೊನೆಯ ಸಂಖ್ಯೆ ಹೀಗೆ: ರೌಟರ್‌ಗೆ 1, ಪೈಗೆ 2, ಪ್ರಿಂಟರ್ ಮತ್ತು ಕ್ಯಾಮೆರಾಗಳಿಗೆ 10ರಿಂದ 29. ಉಳಿದವರಿಗೆ 100ರಿಂದ 199. 192.168.1.0 ಬೇಡವೆಂದದ್ದಕ್ಕೆ ಕಾರಣವಿದೆ: ಎಷ್ಟೋ ಮನೆಗಳ ರೌಟರ್‌ನಲ್ಲಿ ಅದೇ ಇರುತ್ತದೆ, ಮುಂದೆ ಮನೆಯಿಂದ ವಿಪಿಎನ್ (ದೂರದಿಂದ ಶಾಲೆಯ ನೆಟ್‌ವರ್ಕ್ ಸೇರುವ ಖಾಸಗಿ ದಾರಿ) ಹಾಕಿದರೆ ಎರಡೂ ಕಡೆಯ ವಿಳಾಸಗಳು ಒಂದೇ ಆಗಿ ದಾರಿ ತಪ್ಪುತ್ತದೆ.

ಕಾನ್ಫಿಗರೇಶನ್ (ಮುಗಿದಿದೆ)

ಪೈಗೆ ಸ್ಥಿರ ವಿಳಾಸ ಕೊಟ್ಟ ಮೇಲೆಯೇ ಉಳಿದದ್ದು. ಡಿಎಚ್‌ಸಿಪಿ-ರೇಂಜ್ ಸಾಲಿನಲ್ಲಿ ಮೊದಲ ವಿಳಾಸ, ಕೊನೆಯ ವಿಳಾಸ, ಮಾಸ್ಕ್, ಲೀಸ್ ಅವಧಿ (ಕೊಟ್ಟ ವಿಳಾಸ ಯಂತ್ರದ ಬಳಿ ಉಳಿಯುವ ಕಾಲ) 12 ಗಂಟೆ. ಇಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ) ಸೇವೆ ಬೇಡವಾದ್ದರಿಂದ ಪೋರ್ಟ್ ಸೊನ್ನೆ. ಆಗ ಡಿಎನ್‌ಎಸ್ ಬಳಸುವ ಪೋರ್ಟ್ 53ಕ್ಕಾಗಿ ಬೇರೆ ಪ್ರೋಗ್ರಾಂ ಜೊತೆ ಜಗಳವಿಲ್ಲ.

ಆಪ್ಷನ್ 3 (ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ಯಂತ್ರ) ಮತ್ತು ಆಪ್ಷನ್ 6 (ಡಿಎನ್‌ಎಸ್ ಸರ್ವರ್) ಇವೆರಡನ್ನು ಮಾತ್ರ ಮರೆಯಲೇಬಾರದು. ಗೇಟ್‌ವೇ ಯಾವುದೆಂದು ಹೇಳದಿದ್ದರೆ ಡಿಎನ್‌ಎಸ್‌ಮಾಸ್ಕ್ ತನ್ನದೇ ವಿಳಾಸವನ್ನು ಗೇಟ್‌ವೇ ಎಂದು ಕೊಡುತ್ತದೆ. ಯಂತ್ರಕ್ಕೆ ಐಪಿ ಸರಿಯಾಗಿ ಸಿಕ್ಕಿರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಎಲ್ಲರೂ ಕೇಬಲ್ ಪರೀಕ್ಷಿಸುತ್ತ ಕೂರುತ್ತಾರೆ. ಪೋರ್ಟ್ ಸೊನ್ನೆ ಇದ್ದಾಗ ಡಿಎನ್‌ಎಸ್ ವಿಳಾಸವನ್ನಂತೂ ತಾನಾಗಿ ಕೊಡುವುದೇ ಇಲ್ಲ. ಆದ್ದರಿಂದ ಎರಡಕ್ಕೂ 192.168.10.1 ಎಂದು ಬರೆದು, ಟೆಸ್ಟ್ ಆಯ್ಕೆಯಿಂದ ಫೈಲ್ ಪರೀಕ್ಷಿಸಿ, ಆಮೇಲೆ ಸೇವೆ ಶುರು.

ಬದಲಾವಣೆ (ಮುಗಿದಿದೆ)

ಹಿಂದಿನ ದಿನವೇ ರೌಟರ್‌ನ ಲೀಸ್ ಅವಧಿಯನ್ನು 1 ಗಂಟೆಗೆ ಇಳಿಸಿದರೆ ಹಳೆಯ ವಿಳಾಸಗಳು ಬೇಗ ಕಳಚಿಕೊಳ್ಳುತ್ತವೆ. ನಂತರ ರೌಟರ್‌ನ ಡಿಎಚ್‌ಸಿಪಿ ನಿಲ್ಲಿಸಿ, ಅದರ ವಿಳಾಸ ಬದಲಿಸಿ, ಪೈ ಚಾಲೂ ಮಾಡುವುದು. ಅಥಾರಿಟೇಟಿವ್ ಆಯ್ಕೆಯೂ ಇರಲಿ: ಹಳೆಯ ವಿಳಾಸವನ್ನೇ ಕೇಳುತ್ತ ಬರುವ ಯಂತ್ರಕ್ಕೆ ಸರ್ವರ್ ಕೂಡಲೇ ಇಲ್ಲವೆನ್ನುತ್ತದೆ, ಅದು ಹೊಸದಾಗಿ ಕೇಳಿಕೊಳ್ಳುತ್ತದೆ.

ಪೈಯಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್ ಸಂದೇಶಗಳನ್ನು ತೋರಿಸುವ ಪ್ರೋಗ್ರಾಂ) ಹಚ್ಚಿ ಡಿಎಚ್‌ಸಿಪಿ ಬಳಸುವ ಯುಡಿಪಿ ಪೋರ್ಟ್ 67 ಮತ್ತು 68 ನೋಡಿದರೆ ಡಿಸ್ಕವರ್ (ಸರ್ವರ್ ಹುಡುಕಾಟ), ಆಫರ್ (ವಿಳಾಸದ ಕೊಡುಗೆ), ರಿಕ್ವೆಸ್ಟ್ (ಕೋರಿಕೆ), ಆಕ್ (ಒಪ್ಪಿಗೆ) ನಾಲ್ಕೂ ಸಾಲಾಗಿ ಕಾಣಬೇಕು. ಬರೀ ಡಿಸ್ಕವರ್ ಮರುಕಳಿಸುತ್ತಿದ್ದರೆ ಸರ್ವರ್ ಬೇರೆ ಇಂಟರ್ಫೇಸ್ ಮೇಲೆ ಕೂತಿದೆ, ಇಲ್ಲವೇ ಫೈರ್‌ವಾಲ್ ತಡೆಯುತ್ತಿದೆ. ವಿಂಡೋಸ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಾವ ಸರ್ವರೂ ಉತ್ತರಿಸಿಲ್ಲ ಎಂದೇ ಅರ್ಥ.

ಪೈ ಕೆಟ್ಟ ತಕ್ಷಣ ಯಾರಿಗೂ ಗೊತ್ತಾಗುವುದಿಲ್ಲ. 12 ಗಂಟೆಯ ಲೀಸ್‌ಗೆ ಯಂತ್ರಗಳು 6 ಗಂಟೆ ಕಳೆದಾಗ ನವೀಕರಣ ಕೇಳುತ್ತವೆ, ಉತ್ತರ ಬರದಿದ್ದರೆ ಹತ್ತೂವರೆ ಗಂಟೆ ಕಳೆಯುವ ಹೊತ್ತಿಗೆ ಯಾವ ಸರ್ವರ್ ಆದರೂ ಸರಿ ಎಂದು ಕೂಗುತ್ತವೆ, 12 ಗಂಟೆ ತುಂಬಿದಾಗ ವಿಳಾಸ ಬಿಡುತ್ತವೆ. ಅಷ್ಟರೊಳಗೆ ಹೊಸದಾಗಿ ಆನ್ ಆದವು ಮಾತ್ರ ಪರದಾಡುತ್ತವೆ. ಪೈಗೆ ಯುಪಿಎಸ್ ಇರುವುದು ಒಳ್ಳೆಯದು.

ಕಾಯ್ದಿರಿಸಿದ ವಿಳಾಸಗಳು (ಅರ್ಧ ಆಗಿದೆ)

ಕ್ಯಾಮೆರಾ, ಪ್ರಿಂಟರ್ ಸುಲಭ: ಡಿಎಚ್‌ಸಿಪಿ-ಹೋಸ್ಟ್ ಸಾಲಿನಲ್ಲಿ ಮ್ಯಾಕ್ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಮತ್ತು ಐಪಿ ಬರೆದರೆ ಸಾಕು, ಆ ಐಪಿ 100–199ರ ಒಳಗಿರಬೇಕೆಂದಿಲ್ಲ. ಫೋನುಗಳದ್ದೇ ಕಷ್ಟ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ವೈಫೈಗೆ ಯಾದೃಚ್ಛಿಕ ಮ್ಯಾಕ್ ಬಳಕೆಯಾಗುತ್ತದೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದನ್ನು ನಂಬಿ ವಿಳಾಸ ಕಾಯ್ದಿರಿಸಬೇಡಿ.

ಬಾಕಿ

ಯಾರಾದರೂ ಮನೆಯ ವೈಫೈ ರೌಟರ್ ತಂದು ಅದರ ಲ್ಯಾನ್ ಪೋರ್ಟ್ ಅನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಎರಡನೇ ಡಿಎಚ್‌ಸಿಪಿ ಹುಟ್ಟಿಕೊಳ್ಳುತ್ತದೆ, ಮೊದಲು ಉತ್ತರಿಸಿದವರ ಮಾತೇ ಸಾಮಾನ್ಯವಾಗಿ ನಡೆಯುತ್ತದೆ. ಅದಕ್ಕಾಗಿ ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿಕೆಯಿಲ್ಲದ ಪೋರ್ಟ್‌ನಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ತಡೆಯುವ ಸೌಲಭ್ಯ) ಆನ್ ಮಾಡಿ, ಪೈ ಇರುವ ಪೋರ್ಟ್ ಒಂದನ್ನೇ ಟ್ರಸ್ಟೆಡ್ ಎಂದು ಗುರುತಿಸುವುದು ಮುಂದಿನ ಕೆಲಸ.