ವಾಲ್ಟ್ಸ್ ವಿಡಿಯೊಗೆ ಹೆಸರಿಡುವಾಗ

ಶಿವಮೊಗ್ಗದಲ್ಲಿ ಬಾಲ್‌ರೂಮ್ ಎಂಬ ಪಾಶ್ಚಾತ್ಯ ಜೋಡಿ ನೃತ್ಯದ ಹೆಜ್ಜೆಗಳ ವಿಡಿಯೊ ಮಾಡಿ ಸಾಗರ, ತೀರ್ಥಹಳ್ಳಿ ಕಡೆಯ ಕಲಿಯುವವರಿಗೆ ಕಳಿಸುವವರೇ, ದಯವಿಟ್ಟು ಫೈಲಿಗೆ ‘ಹೊಸ ಸ್ಟೆಪ್ 2’ ಅಂತ ಹೆಸರಿಡಬೇಡಿ. ಬರೀ ‘ನ್ಯಾಚುರಲ್ ಟರ್ನ್’ (ಬಲಕ್ಕೆ ತಿರುಗುವ ಹೆಜ್ಜೆ) ಅಂದರೂ ಸಾಲದು. ಆ ಹೆಸರು ವಾಲ್ಟ್ಸ್, ಫಾಕ್ಸ್‌ಟ್ರಾಟ್ ಎಂಬ ಎರಡೂ ಬಾಲ್‌ರೂಮ್ ನೃತ್ಯಗಳಲ್ಲಿ ಇದೆ; ಕಾಲಿನ ಕೆಲಸ ಮಾತ್ರ ಬೇರೆ. ವಾಲ್ಟ್ಸ್‌ನಲ್ಲಿ ಮೂರನೇ ಎಣಿಕೆಗೆ ಪಾದ ಜೋಡಿಸಬೇಕು. ಫಾಕ್ಸ್‌ಟ್ರಾಟ್‌ನಲ್ಲಿ ಹಿಂದಕ್ಕೆ ಹೋಗುವ ಜೊತೆಗಾರ್ತಿ ಹಿಮ್ಮಡಿಯ ಮೇಲೆ ತಿರುಗುತ್ತಾಳೆ. ಯಕ್ಷಗಾನದ ಹೆಜ್ಜೆ ಹೇಳಿಕೊಡುವವರು ಮೊದಲು ತಾಳ ಹೇಳುತ್ತಾರಲ್ಲ, ಇಲ್ಲೂ ಅದೇ ಕ್ರಮ ಇರಲಿ: ಮೊದಲು ನೃತ್ಯ, ಆಮೇಲೆ ಹೆಜ್ಜೆ, ಯಾರ ಪಾತ್ರ (ಮುನ್ನಡೆಸುವ ಲೀಡರ್‌ದೋ, ಜೊತೆಗಾರ್ತಿಯದೋ), ಕ್ಯಾಮೆರಾ ಎಲ್ಲಿತ್ತು. ‘ವಾಲ್ಟ್ಸ್-ನ್ಯಾಚುರಲ್ ಟರ್ನ್-ಲೀಡರ್-ಹಿಂದಿನಿಂದ’.

ಸೆಲ್ಫಿ ಕ್ಯಾಮೆರಾದ ಮಿರರ್ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಬಲಕ್ಕೆ ತಿರುಗುವ ನ್ಯಾಚುರಲ್, ಎಡಕ್ಕೆ ತಿರುಗುವ ರಿವರ್ಸ್ ಆಗಿ ಕಾಣುತ್ತದೆ. ಕಲಿಯುವವರು ಅದನ್ನೇ ನಂಬಿ ಅಭ್ಯಾಸ ಮಾಡುತ್ತಾರೆ, ಪಾಪ.

ನಿಮಿಷಕ್ಕೆ 30 ಬಾರ್ (ಮೂರು ಎಣಿಕೆಯ ಒಂದು ಆವರ್ತ) ವೇಗದಲ್ಲಿ ವಾಲ್ಟ್ಸ್‌ನ ಆರು ಹೆಜ್ಜೆಯ ನ್ಯಾಚುರಲ್ ಟರ್ನ್ 4 ಸೆಕೆಂಡಿಗೆ ಮುಗಿದುಹೋಗುತ್ತದೆ. ಅರ್ಧ ವೇಗದ 8 ಸೆಕೆಂಡಿನ ತುಣುಕನ್ನೂ ಜೊತೆಗಿಡಿ. ಅಷ್ಟು ಚಿಕ್ಕ ಫೈಲು ಮಳೆಗಾಲದ ಕುಂಟುವ ನೆಟ್‌ವರ್ಕ್‌ನಲ್ಲೂ ಇಳಿಯುತ್ತದೆ. ತಿರುವಿನ ಅಳತೆಯನ್ನು ವಿವರಣೆಯಲ್ಲೇ ಬರೆಯಿರಿ: ಮೊದಲ ಮೂರು ಹೆಜ್ಜೆಗೆ ಸುತ್ತಿನ 3/8, ಮುಂದಿನ ಮೂರಕ್ಕೆ ಮತ್ತೆ 3/8. ಇದು ಗೊತ್ತಿಲ್ಲದವರು ಮೊದಲ ಮೂರರಲ್ಲೇ ಅರ್ಧ ಸುತ್ತು ತಿರುಗಿಬಿಡುತ್ತಾರೆ, ನಾಲ್ಕನೇ ಹೆಜ್ಜೆ ಜೋಡಿ ಸಾಗಬೇಕಾದ ಸಾಲು ತಪ್ಪುತ್ತದೆ.