ಕೀಬೋರ್ಡ್ ಕೇಸ್, ಮೂರನೇ ಬ್ಯಾಚ್: ‘ಮೇ ತಿಂಗಳು’ ಶುರುವಾಗುವುದು ಯಾವತ್ತು?

ನಾನು ಜೋಡಿಸುವ ಕೀಬೋರ್ಡ್‌ಗಳ ಕೇಸ್‌ಗಳು, ಅಂದರೆ ಲೋಹದ ಹೊರಕವಚಗಳು, ಇನ್ನೂ ಬಂದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದಿ ಆಮೇಲೆ ಬೈಯಬೇಡಿ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಬಂದು ಕೂತಿವೆ. ಸ್ವಿಚ್‌ಗಳೂ ಬಂದಿವೆ. ಸ್ಟೆಬಿಲೈಸರ್‌ಗಳಿಗೆ ಗ್ರೀಸ್ ಹಚ್ಚಿ ಡಬ್ಬಕ್ಕೆ ಹಾಕಿದ್ದೂ ಆಯಿತು. ಫರ್ಮ್‌ವೇರ್ ಎರಡನೇ ಬ್ಯಾಚಿನದ್ದೇ, ಅದರಲ್ಲಿ ಹೇಳುವಂಥದ್ದೇನಿಲ್ಲ. ಈ ಸಲದ ಲಾಗ್ ಪೂರ್ತಿ ಎರಡು ಪದಗಳ ಮೇಲೆ. ಅವು ನನ್ನ ಸಪ್ಲೈ ಕಾಂಟ್ರ್ಯಾಕ್ಟಿನ ಎರಡನೇ ಪುಟದಲ್ಲಿವೆ: ‘ಉತ್ಪಾದನಾ ಅವಧಿ’.

ಎರಡನೇ ಬ್ಯಾಚ್‌ವರೆಗೂ ಎಲ್ಲ ಇಮೇಲ್‌ನಲ್ಲೇ ನಡೆದಿತ್ತು. ‘ಆದಷ್ಟು ಬೇಗ’, ‘ಮುಂದಿನ ವಾರ ನೋಡೋಣ’, ಹೀಗೆ. ಈ ಸಲ ಅವಧಿಗೆ 40 ಕೇಸ್‌ನಂತೆ ಮೂರು ಅವಧಿ ಬೇಕಿತ್ತು. ಅದಕ್ಕೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್) ಅಂಗಡಿಯವರು ಮೆಷಿನ್ ಟೈಮ್ ಕಾಯ್ದಿರಿಸಬೇಕು, ನಾನು ಅಷ್ಟು ಕೊಳ್ಳುತ್ತೇನೆಂದು ಒಪ್ಪಿಕೊಳ್ಳಬೇಕು. ಹಾಗಾಗಿ ಆರು ಪುಟದ ಕಾಂಟ್ರ್ಯಾಕ್ಟ್ ಬರೆದೆ. ನಾನೇ ಬರೆದೆ. ಬರೆದಾಗ ಬಹಳ ಹೆಮ್ಮೆಯಾಗಿತ್ತು.

ಅದರಲ್ಲಿ ಎರಡು ಸಾಲು ಹೀಗಿದ್ದವು. ಒಂದು: ‘ಉತ್ಪಾದನಾ ಅವಧಿ ಎಂದರೆ ಪೂರೈಕೆದಾರರ ಉತ್ಪಾದನಾ ಕ್ಯಾಲೆಂಡರಿನ ಒಂದು ತಿಂಗಳು.’ ಇನ್ನೊಂದು: ‘ಅವಧಿ ಶುರುವಾಗುವ 10 ಕೆಲಸದ ದಿನ ಮೊದಲು ಖರೀದಿದಾರರು ಫರ್ಮ್ ಆರ್ಡರ್ ಕೊಡಬೇಕು.’

ಓದಿದರೆ ಎಲ್ಲ ಸರಿ ಇದೆ ಅನಿಸುತ್ತೆ, ಅಲ್ವಾ? ನನಗೂ ಅನಿಸಿತ್ತು.

ಮೇ ತಿಂಗಳಿಗೆ ಕೇಸ್ ಬೇಕು. 2026ರ ಮೇ 1 ಶುಕ್ರವಾರ. ಶನಿವಾರ, ಭಾನುವಾರ ಬಿಟ್ಟು ಹತ್ತು ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 17. ನಾನು ಒಂದು ದಿನ ಮುಂಚೆಯೇ, 16ಕ್ಕೆ, ಆರ್ಡರ್ ಕಳಿಸಿ ಕಾಲು ಚಾಚಿ ಕೂತೆ. ಮರುದಿನ ಉತ್ತರ ಬಂತು: ‘ಆರ್ಡರ್ ತಡವಾಗಿ ಬಂದಿದೆ, ಆರನೇ ಅವಧಿಗೆ ಹಾಕಿದ್ದೇವೆ.’ ತಡವೇ? ಆರನೇ ಅವಧಿಯೇ? ಐದನೆಯದು ಎಲ್ಲಿ ಹೋಯಿತು?

ಫೋನ್ ಮಾಡಿ ಸ್ವಲ್ಪ ಜಾಸ್ತಿಯೇ ಕೂಗಾಡಿದೆ. ಆಮೇಲೆ ಅವರು ತಮ್ಮ ಕ್ಯಾಲೆಂಡರ್ ಕಳಿಸಿದರು. ನೋಡಿ ಸುಮ್ಮನಾದೆ. ಅವರದ್ದು 4-4-5. ವರ್ಷದ 52 ವಾರಗಳನ್ನು ನಾಲ್ಕು, ನಾಲ್ಕು, ಐದು ಎಂದು ಕತ್ತರಿಸುತ್ತಾ ಹೋಗುವುದು, ಪ್ರತಿ ತುಂಡಿಗೂ ‘ತಿಂಗಳು’ ಅಂತ ಹೆಸರಿಡುವುದು. ಅವರ ಮೊದಲ ತಿಂಗಳು 2025ರ ಡಿಸೆಂಬರ್ 29ಕ್ಕೇ ಶುರುವಾಗಿತ್ತು. ಐದನೆಯದು, ಅಂದರೆ ಅವರ ‘ಮೇ’, ಏಪ್ರಿಲ್ 27ರಿಂದ ಮೇ 24. ಅದಕ್ಕೆ ಹತ್ತು ಕೆಲಸದ ದಿನ ಮೊದಲು ಅಂದರೆ ಏಪ್ರಿಲ್ 13. ನಾನು ಮೂರು ದಿನ ಲೇಟು.

ಅವರ ಮೆಷಿನ್ ಶನಿವಾರವೂ ಓಡುತ್ತದೆ. ಶನಿವಾರವೂ ಕೆಲಸದ ದಿನವೇ ಅಲ್ಲವೇ ಎಂದು ವಾದ ಹೂಡೋಣ ಅಂತ ಲೆಕ್ಕ ಹಾಕಿದೆ. ಗಡುವು ಏಪ್ರಿಲ್ 15ಕ್ಕೆ ಬಂತು. ಆಗಲೂ ಒಂದು ದಿನ ಲೇಟು! ವಾದ ಬಿಟ್ಟೆ.

ಆರನೇ ಅವಧಿ ಮೇ 25ರಿಂದ ಜೂನ್ 28ರವರೆಗೆ, ಐದು ವಾರ. ಅದರೊಳಗೆ ಯಾವತ್ತು ಕೊಡುತ್ತೀರಿ ಎಂದರೆ ‘ಅವಧಿಯೊಳಗೆ’ ಎಂದರು. ಅದೂ ತಪ್ಪಲ್ಲ. ಅಂತರರಾಷ್ಟ್ರೀಯ ಸರಕು ಮಾರಾಟದ ಬಗ್ಗೆ 1980ರಲ್ಲಿ ಆದ ವಿಯೆನ್ನಾ ಒಪ್ಪಂದದ 33ನೇ ವಿಧಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕಾಂಟ್ರ್ಯಾಕ್ಟಿನಲ್ಲಿ ಅವಧಿ ಹಾಕಿದ್ದರೆ ಮಾರುವವನು ಅದರೊಳಗೆ ಯಾವತ್ತು ಬೇಕಾದರೂ ಕೊಡಬಹುದು. ದಿನ ಆರಿಸುವ ಹಕ್ಕು ಕೊಳ್ಳುವವನದ್ದು ಎಂದು ಸಂದರ್ಭದಿಂದ ತಿಳಿದುಬಂದರೆ ಮಾತ್ರ ಬೇರೆ. ನನ್ನ ಆರು ಪುಟದಲ್ಲಿ ಅಂಥ ಸಂದರ್ಭ ಎಲ್ಲೂ ಇರಲಿಲ್ಲ. ಹಾಗಾಗಿ ಮೇ ಕೊನೆಗೆ ಕೈಗೆ ಬರಬೇಕಿದ್ದ ಕೇಸ್ ಜೂನ್ 28ಕ್ಕೆ ಬಂದರೂ ಅವರ ಪ್ರಕಾರ ಸರಿಯಾದ ಸಮಯವೇ.

ಇದಾದ ಮೇಲೆ ಎರಡು ವಾರಾಂತ್ಯ ಬೆಸುಗೆ ಕಡ್ಡಿ ಮುಟ್ಟಲಿಲ್ಲ. ಕ್ಯಾಲೆಂಡರ್ ಬರೆಯುವ ಪೈಥಾನ್ ಸ್ಕ್ರಿಪ್ಟ್ ಹಿಡಿದು ಕೂತೆ. ಮೊದಲ ದಿನವೇ ಎಡವಟ್ಟು. ವಾರದ ಸಂಖ್ಯೆಗೆ ಅಭ್ಯಾಸಬಲದಿಂದ ಪರ್ಸೆಂಟ್ ದೊಡ್ಡ ಡಬ್ಲ್ಯೂ (%W) ಎಂಬ ಕೋಡ್ ಹಾಕಿದ್ದೆ. ಅದು ವರ್ಷದ ಮೊದಲ ಸೋಮವಾರದಿಂದ ಎಣಿಸುತ್ತದೆ. ಏಪ್ರಿಲ್ 27ಕ್ಕೆ 17ನೇ ವಾರ ಎಂದಿತು. ಅಂಗಡಿಯವರ ಹಾಳೆಯಲ್ಲಿ ಅದು 18. ಅವರದ್ದು ಐಎಸ್‌ಒ 8601, ತಾರೀಕು ಬರೆಯುವ ಅಂತರರಾಷ್ಟ್ರೀಯ ಮಾನದಂಡ. ಅದರಲ್ಲಿ ವಾರ ಶುರುವಾಗುವುದು ಸೋಮವಾರ, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದೆಯೋ ಅದೇ ಒಂದನೇ ವಾರ. ಪರ್ಸೆಂಟ್ ದೊಡ್ಡ ವಿ (%V) ಹಾಕಿದ ಮೇಲೆ ತಾಳೆಯಾಯಿತು.

ಎಕ್ಸೆಲ್‌ನಲ್ಲಿ ವಾರದ ಸಂಖ್ಯೆ ಕೊಡುವ ವೀಕ್‌ನಮ್ ಫಂಕ್ಷನ್ ಇನ್ನೂ ಕಿಲಾಡಿ. ಏನೂ ಹೇಳದಿದ್ದರೆ ಅದು ಜನವರಿ 1 ಇರುವ ವಾರವನ್ನೇ ಒಂದು ಎನ್ನುತ್ತದೆ, ವಾರವನ್ನು ಭಾನುವಾರ ಶುರು ಮಾಡುತ್ತದೆ. 2026ರಲ್ಲಿ ಜನವರಿ 1 ಗುರುವಾರ. ಹಾಗಾಗಿ ಸೋಮವಾರದಿಂದ ಶನಿವಾರದವರೆಗೆ ಎರಡೂ ಲೆಕ್ಕ ಒಂದೇ, ಭಾನುವಾರ ಮಾತ್ರ ಬೇರೆ. ಒಂದು ವರ್ಷ ಪೂರ್ತಿ ಸಾಧು ಹಾಗೆ ಇರುತ್ತದೆ. 2027ರ ಜನವರಿ 4ರಂದು ಐಎಸ್‌ಒ ಒಂದು ಎಂದರೆ ಇದು ಎರಡು ಎನ್ನುತ್ತದೆ. ಸ್ಪ್ರೆಡ್‌ಶೀಟ್ ಇಟ್ಟುಕೊಂಡವರು ಐಎಸ್‌ಒವೀಕ್‌ನಮ್‌ಗೆ ಈಗಲೇ ಬದಲಾಯಿಸಿಕೊಳ್ಳಿ.

‘ಅದೆಲ್ಲ ಬೇಡ, ಸರಿಯಾದ ಕ್ಯಾಲೆಂಡರ್ ತಿಂಗಳೇ ಹಾಕು’ ಎಂದು ಗೆಳೆಯನೊಬ್ಬ ಹೇಳಿದ. ತಿಂಗಳೂ ಅಷ್ಟು ಸಾಧುವಲ್ಲ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿ ನೋಡಿ. ಒಂದು ಲೈಬ್ರರಿ ಫೆಬ್ರವರಿ 28 ಎನ್ನುತ್ತದೆ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯದ್ದು ಮಾರ್ಚ್ 3 ಎನ್ನುತ್ತದೆ. ಕೋರ್ಟೂ ಇದರಲ್ಲಿ ತಲೆ ಕೆಡಿಸಿಕೊಂಡಿದೆ. ಇಂಗ್ಲೆಂಡಿನ ಡಾಡ್ಸ್ ವರ್ಸಸ್ ವಾಕರ್ ಎಂಬ ಕೇಸಿನಲ್ಲಿ (ನಮ್ಮ ಕೇಸ್ ಅಲ್ಲ, ಆ ಕೇಸು) ಮಾಲೀಕ ಬಾಡಿಗೆದಾರನಿಗೆ ನೋಟಿಸ್ ಕೊಟ್ಟಿದ್ದು ಸೆಪ್ಟೆಂಬರ್ 30ಕ್ಕೆ. ನಾಲ್ಕು ತಿಂಗಳ ಗಡುವು. ಬಾಡಿಗೆದಾರ ಜನವರಿ 31ಕ್ಕೆ ಅರ್ಜಿ ಹಾಕಿದ. ಗಡುವು 30ಕ್ಕೇ ಮುಗಿದಿತ್ತು ಎಂದು 1981ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಒಂದು ದಿನ! ಓದಿದಾಗ ಆ ಬಾಡಿಗೆದಾರನ ಕೈ ಕುಲುಕಬೇಕು ಅನಿಸಿತು.

ದಾರಿ ಸಿಕ್ಕಿದ್ದು ನಾನು ಹುಡುಕದ ಕಡೆ. ದೊಡ್ಡ ಕಾರ್ಖಾನೆಗಳು ತಮ್ಮ ಸಪ್ಲೈಯರ್‌ಗಳಿಗೆ ಫೋರ್‌ಕಾಸ್ಟ್ ಕಳಿಸುವ ಎಕ್ಸ್12 830 ಎಂಬ ಹಳೆಯ ಇಡಿಐ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ವ್ಯಾಪಾರ ದಾಖಲೆ) ಸಂದೇಶ ಒಂದಿದೆ. ಸುಮ್ನೆ ಕುತೂಹಲಕ್ಕೆ ಅದರ ಕೋಡ್ ಪಟ್ಟಿ ಓದುತ್ತಿದ್ದೆ. ಅಲ್ಲಿ ಪ್ರತಿ ಪ್ರಮಾಣದ ಜೊತೆ ಎರಡು ಅಕ್ಷರ ಇರುತ್ತವೆ. ಒಂದು, ಇದು ಗಟ್ಟಿ ಆರ್ಡರೋ ಬರೀ ಯೋಜನೆಯೋ ಎಂದು ಹೇಳುತ್ತದೆ. ಇನ್ನೊಂದು, ಇದು ಯಾವ ಬಗೆಯ ಕಾಲ ಎಂದು. ಡಬ್ಲ್ಯೂ ಅಂದರೆ ವಾರ, ಪಕ್ಕದಲ್ಲೇ ‘ಸೋಮವಾರದಿಂದ ಭಾನುವಾರ’ ಎಂದು ಬರೆದಿದೆ. ಎಂ ಅಂದರೆ ಕ್ಯಾಲೆಂಡರ್ ತಿಂಗಳು. ಎಫ್ ಅಂದರೆ, ಇಂಥ ದಿನದಿಂದ ಇಂಥ ದಿನದವರೆಗೆ.

ಎಫ್ ನೋಡಿ ಕುರ್ಚಿಯಿಂದ ಎದ್ದುನಿಂತೆ. ಅವಧಿಗೆ ವ್ಯಾಖ್ಯಾನ ಬರೆಯಬೇಕೆಂದು ನಾನು ಒದ್ದಾಡುತ್ತಿದ್ದೆ. ಬೇಕಿದ್ದಿದ್ದು ಎರಡು ತಾರೀಕು. ‘ತಿಂಗಳು’ ಎಂಬ ಪದವೇ ಬೇಡ. ‘ಕೆಲಸದ ದಿನ’ವೂ ಬೇಡ. ಒಂದು ಪಟ್ಟಿ ಸಾಕು.

ಪಟ್ಟಿ ಬರೆಯಲು ಕೂತ ಮೇಲೆ ಇನ್ನೊಂದು ಹುಳುಕು ಕಾಣಿಸಿತು. ಅದು ಕಂಡಿದ್ದು ಒಂದು ಫೋಟೋದಿಂದ. ಜೂನ್ 12ಕ್ಕೆ ಅಂಗಡಿಯಿಂದ ಇಮೇಲ್: ‘ಉತ್ಪಾದನೆ ಮುಗಿದಿದೆ, ಅಭಿನಂದನೆ.’ ಚಿತ್ರದಲ್ಲಿ 40 ಕೇಸ್, ಮೇಜಿನ ಮೇಲೆ ಸಾಲಾಗಿ. ಎಲ್ಲವೂ ಬೆತ್ತಲೆ ಅಲ್ಯೂಮಿನಿಯಂ. ಅಂಚಿನಲ್ಲಿ ಕಟರ್ ಗೆರೆ ಇನ್ನೂ ಮಿನುಗುತ್ತಿದೆ, ಒಂದರ ಸ್ಕ್ರೂ ತೂತಿನಲ್ಲಿ ಲೋಹದ ಚೂರು ಸುರುಳಿ ಸುತ್ತಿಕೊಂಡು ಕೂತಿದೆ. ಆನೋಡೈಸಿಂಗ್, ಅಂದರೆ ಅಲ್ಯೂಮಿನಿಯಂಗೆ ರಕ್ಷಣೆಯ ಪದರ ಮತ್ತು ಬಣ್ಣ ಹತ್ತಿಸುವುದು? ಅದು ಬೇರೆ ಅಂಗಡಿಯಲ್ಲಿ. ಅವರ ಪಾಲಿಗೆ ಮೆಷಿನ್‌ನಿಂದ ಇಳಿದರೆ ಉತ್ಪಾದನೆ ಮುಗಿಯಿತು. ನನ್ನ ಪಾಲಿಗೆ ಕಪ್ಪು ಬಣ್ಣ ಹತ್ತಿ, ಪ್ಯಾಕ್ ಆಗಿ, ಸಾಗಿಸುವವರ ಕೈಗೆ ಸಿಕ್ಕರೆ. ನಾನು ಮೆಷಿನ್ ಓಡುವ ಕಾಲಕ್ಕೂ ಮಾಲು ಕೊಡುವ ಕಾಲಕ್ಕೂ ಒಂದೇ ಹೆಸರಿಟ್ಟಿದ್ದೆ.

ಹೊಸ ಕಲಂ ಹೀಗಿದೆ: ‘ಉತ್ಪಾದನಾ ಅವಧಿ ಎಂದರೆ ಅನುಬಂಧದ ಪಟ್ಟಿಯ ಒಂದು ಸಾಲು. ಮೊದಲ ದಿನ, ಕೊನೆಯ ದಿನ ಎರಡೂ ಸೇರಿವೆ. ಆರ್ಡರ್ ಗಡುವು ಆ ಸಾಲಿನಲ್ಲಿ ಬರೆದ ತಾರೀಕಿನ ಸಂಜೆ 5 ಗಂಟೆ. ಕೇಸ್ ಆನೋಡೈಸ್ ಆಗಿ, ಪ್ಯಾಕ್ ಆಗಿ, ಸಾಗಣೆಗೆ ಒಪ್ಪಿಸಿದ ದಿನ ಯಾವ ಸಾಲಿನಲ್ಲಿ ಬರುತ್ತದೋ ಆ ಅವಧಿಗೆ ಅದು ಸೇರುತ್ತದೆ. ಪಟ್ಟಿಗೂ ಬೇರೆ ಯಾವ ಕ್ಯಾಲೆಂಡರಿಗೂ ತಾಳೆಯಾಗದಿದ್ದರೆ ಪಟ್ಟಿಯೇ ಸರಿ.’ ಗಡುವು ಎಲ್ಲ ಸಾಲಿಗೂ ಶುರುವಿಗೆ ಎರಡು ವಾರ ಮೊದಲಿನ ಸೋಮವಾರ. ಎಣಿಸುವುದು ಸ್ಕ್ರಿಪ್ಟ್, ಕಾಂಟ್ರ್ಯಾಕ್ಟಿನಲ್ಲಿ ಇರುವುದು ಬರೀ ತಾರೀಕು.

ಪ್ರಮಾಣವನ್ನೂ ಬದಲಿಸಿದೆ. ಅವಧಿಗೆ 40 ಎಂದರೆ ನಾಲ್ಕು ವಾರದ್ದರಲ್ಲಿ ವಾರಕ್ಕೆ 10, ಐದು ವಾರದ್ದರಲ್ಲಿ 8. ಅವರು ಮೆಷಿನ್ ಟೈಮ್ ಕೊಡುವುದು ವಾರದ ಲೆಕ್ಕದಲ್ಲಿ. ಈಗ ವಾರಕ್ಕೆ 10 ಎಂದಿದೆ. ಐದು ವಾರದ ಅವಧಿಯಲ್ಲಿ 50 ಬರುತ್ತದೆ, ನನಗೆ ಅಷ್ಟು ಬೇಕೇ ಎಂಬುದು ಬೇರೆ ಚಿಂತೆ.

ಸ್ಕ್ರಿಪ್ಟಿಗೆ ಒಂದೇ ಪರೀಕ್ಷೆ ಇಟ್ಟಿದ್ದೇನೆ. ಒಂದು ಸಾಲಿನ ಕೊನೆಯ ದಿನದ ಮರುದಿನವೇ ಮುಂದಿನ ಸಾಲಿನ ಮೊದಲ ದಿನ ಆಗಿರಬೇಕು. ಹನ್ನೆರಡು ಸಾಲು ಸರಾಗವಾಗಿ ದಾಟಿತು. 2027ರ ಮೊದಲ ಸಾಲಿಗೆ ಬಂದು ಧಡ್ ಅಂತ ಬಿತ್ತು. ಹನ್ನೆರಡನೇ ಅವಧಿ ಡಿಸೆಂಬರ್ 27ಕ್ಕೆ ಮುಗಿಯುತ್ತದೆ, ಮುಂದಿನ ವರ್ಷದ್ದು ಜನವರಿ 4ಕ್ಕೆ ಶುರು. ನಡುವೆ ಏಳು ದಿನ ಅನಾಥ. 2026ಕ್ಕೆ 53 ವಾರ! ಐಎಸ್‌ಒ ಲೆಕ್ಕದಲ್ಲಿ 400 ವರ್ಷಕ್ಕೆ 71 ಸಲ ಹೀಗಾಗುತ್ತದೆ, ಮುಂದಿನದು 2032. ನಾನು ಕಾಂಟ್ರ್ಯಾಕ್ಟ್ ಬರೆಯಲು ಆರಿಸಿಕೊಂಡಿದ್ದು ಸರಿಯಾಗಿ ಈ ವರ್ಷವನ್ನೇ.

ಅಂಗಡಿಯವರನ್ನು ಕೇಳಿದರೆ ‘ಆ ವಾರ ಮೆಷಿನ್ ಸರ್ವಿಸ್, ನಾವೂ ಇರಲ್ಲ’ ಎಂದರು. ಇಷ್ಟು ದಿನದಲ್ಲಿ ಅವರು ಹೇಳಿದ ಅತಿ ಚೊಕ್ಕ ಮಾತು. ಪಟ್ಟಿಯಲ್ಲಿ ‘ಖಾಲಿ ವಾರ’ ಎಂದು ಒಂದು ಸಾಲು ಸೇರಿಸಿದೆ: ಪ್ರಮಾಣ ಸೊನ್ನೆ, ಗಡುವಿನ ಎಣಿಕೆಗೂ ಇಲ್ಲ. ಹಾಗಾಗಿ ಜನವರಿ 4ರ ಅವಧಿಗೆ ಆರ್ಡರ್ ಕೊಡಲು ಕೊನೆಯ ದಿನ ಡಿಸೆಂಬರ್ 14. ಪರೀಕ್ಷೆ ಪಾಸಾಯಿತು.

ಇದರ ನಡುವೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಒಂದು ಇ-ಪೇಪರ್ ಫಲಕ, ಮೇಜಿನ ಮೇಲೆ ನಿಲ್ಲುವಂಥದ್ದು. ಇವತ್ತು ಯಾವ ಅವಧಿ, ಆರ್ಡರ್ ಗಡುವಿಗೆ ಎಷ್ಟು ದಿನ ಉಳಿದಿದೆ, ಇಷ್ಟೇ ತೋರಿಸಬೇಕು. ಗಡುವು ದಾಟಿದರೆ ಪರದೆ ಪೂರ್ತಿ ಕಪ್ಪು. ಇದಕ್ಕಾಗಿ ಓದುತ್ತಾ ಯುರೋಪಿನ ಗ್ಯಾಸ್ ವ್ಯಾಪಾರದವರ ‘ಗ್ಯಾಸ್ ದಿನ’ ಸಿಕ್ಕಿತು. ಅವರ ದಿನ ಚಳಿಗಾಲದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬೆಳಿಗ್ಗೆ 5 ಗಂಟೆಗೆ ಶುರು, ಬೇಸಿಗೆ ಸಮಯದಲ್ಲಿ 4ಕ್ಕೆ. ಗಡಿಯಾರ ತಿರುಗಿಸುವಾಗ ಒಂದು ದಿನಕ್ಕೆ 23 ಗಂಟೆ, ಇನ್ನೊಂದಕ್ಕೆ 25. ದಿನವನ್ನೇ ಕೂತು ವ್ಯಾಖ್ಯಾನಿಸುವ ಜನ ಅವರು, ನನಗಿಂತ ಜಾಸ್ತಿ ಪೆಟ್ಟು ತಿಂದಿರಬೇಕು. ಫಲಕಕ್ಕೆ ಕೇಸ್ ಈ ಸಲ ಮರದ್ದು. ನಾನೇ ಕೆತ್ತುತ್ತೇನೆ, ಯಾರಿಗೂ ಆರ್ಡರ್ ಕೊಡಲ್ಲ.

ನಿನ್ನೆ ರಾತ್ರಿ ಅನುಬಂಧ ಸಹಿಯಾಗಿ ವಾಪಸ್ ಬಂತು. ಹದಿಮೂರು ಸಾಲು ಮತ್ತು ಖಾಲಿ ವಾರ, ಒಂದಕ್ಕೂ ತಕರಾರಿಲ್ಲ. ‘ಸಂಜೆ 5 ಗಂಟೆ’ ಎಂಬುದರ ಕೆಳಗೆ ಮಾತ್ರ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದಾರೆ: ‘ನಮ್ಮ ಗಡಿಯಾರವೋ, ನಿಮ್ಮದೋ?’