ಅವಳು ‘ನಾವು’ ಅಂದಳು

ಹಾಸನ
6 ಮಾರ್ಚ್ 2025, ಗುರುವಾರ ರಾತ್ರಿ

ನಿನ್ನೆಯಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನನ್ನ ಹಾಸ್ಟೆಲ್ ಗೆಳತಿ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿಯೇಬಿಟ್ಟಳು: “ನನಗೆ ಡಿಐಡಿ ಇದೆ. ಈ ಮೈಯಲ್ಲಿ ಇರೋದು ನಾನಲ್ಲ, ನಾವು.” ಡಿಐಡಿ ಅಂದರೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿತ್ವಗಳು ಇರುವ ಮಾನಸಿಕ ಸ್ಥಿತಿ. ಮಾರ್ಚ್ 5 ಇದರ ಬಗ್ಗೆ ತಿಳಿಸಿ ಹೇಳುವ ದಿನ. ಅವಳ ಚಿಕ್ಕಪ್ಪಂದಿರು, ಆಫೀಸಿನವರು ಎಲ್ಲರೂ ನೋಡಿದ್ದಾರೆ.

ಇವತ್ತು ಸಂಜೆ ಮಹಾರಾಜ ಪಾರ್ಕಿನಲ್ಲಿ ಸಿಕ್ಕಳು. “ಹೆದರಿಕೆ ಆಗ್ಲಿಲ್ವೇನೇ?” ಅಂದೆ.

“ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು ಕಣೇ. ಎಲ್ಲೆಲ್ಲಿಯವರೋ ಮುಖ ತೋರಿಸಿ ಹೇಳ್ಕೋತಿದ್ದಾರೆ. ಹಾಸನದಲ್ಲೂ ಒಬ್ಬಳು ಹೇಳ್ಲಿ ಅನ್ನಿಸ್ತು.”

ಚುರುಮುರಿ ತಂದೆ. ಅವಳು ಎಲ್ಲೋ ನೋಡುತ್ತಾ ಕೂತಿದ್ದಳು. ಆಮೇಲೆ ಈರುಳ್ಳಿ ಚೂರುಗಳನ್ನು ಒಂದೊಂದೇ ಆರಿಸಿ ಪೇಪರಿನ ಅಂಚಿಗೆ ಸಾಲಾಗಿ ಇಡತೊಡಗಿದಳು. “ಅಕ್ಕಾ, ಖಾರ” ಅಂದಳು. ಹದಿನಾಲ್ಕು ವರ್ಷದಿಂದ ನನ್ನನ್ನು ‘ನೀನು’, ‘ಕಣೇ’ ಅಂತಲೇ ಮಾತಾಡಿಸುವವಳು. ಅವಳೊಳಗಿನ ಚಿಕ್ಕ ಹುಡುಗಿ ಪುಟ್ಟಿ ಬಂದಿದ್ದಾಳೆ ಅಂತ ಗೊತ್ತಾಯಿತು. ಹಾಸ್ಟೆಲಿನಲ್ಲಿ ಇದೇ ಸಣ್ಣ ಧ್ವನಿ ಕೇಳಿ “ನಾಟಕ ಆಡ್ಬೇಡ” ಅಂದಿದ್ದೆ. ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಸ್ವಲ್ಪ ಹೊತ್ತಿಗೆ “ಟೈಮ್ ಎಷ್ಟಾಯ್ತೇ?” ಅಂದಳು. ಪೊಟ್ಟಣ ಖಾಲಿ. ತಿಂದದ್ದು ಅವಳಿಗೆ ನೆನಪಿರಲಿಲ್ಲ.

ಚಿಕ್ಕ ವಯಸ್ಸಿನಲ್ಲಿ ತಡೆಯಲಾಗದ್ದು ಮತ್ತೆ ಮತ್ತೆ ನಡೆದರೆ ಕೆಲವರಲ್ಲಿ ಎಲ್ಲ ಸೇರಿ ಒಂದು ‘ನಾನು’ ಆಗುವುದೇ ಇಲ್ಲ, ಬೇರೆ ಬೇರೆಯಾಗಿಯೇ ಉಳಿದುಬಿಡುತ್ತದೆ ಅಂತಾರೆ. ಅವಳಿಗೆ ಏನು ನಡೆದಿತ್ತು ಅಂತ ನಾನು ಕೇಳಿಲ್ಲ. ಅಮೆರಿಕದ ಮನೋವೈದ್ಯರು 1994ರಲ್ಲೇ ‘ಬಹು ವ್ಯಕ್ತಿತ್ವ’ ಅನ್ನುವ ಹಳೇ ಹೆಸರು ಬಿಟ್ಟರು. ನಮ್ಮ ಸಿನಿಮಾದವರು ಬಿಟ್ಟಿಲ್ಲ. ಅದರಲ್ಲಿ ಇಂಥವರು ಬಂದರೆ ಕೊಲೆ ಆಗಲೇಬೇಕು. ಇವಳು ಈರುಳ್ಳಿ ಆರಿಸುತ್ತಾಳೆ, ಅಷ್ಟೇ.

ಇವಳಿಗೆ ಮೈಮೇಲೆ ಏನೋ ಬರ್ತಿದೆ ಅಂತ ಅವಳ ಸೋದರತ್ತೆ ದೇವಸ್ಥಾನಗಳಿಗೆ ಸುತ್ತಿಸಿದ್ದರು. “ಅತ್ತೆ ಮೇಲೆ ಸಿಟ್ಟಿಲ್ಲ” ಅಂದಳು. “ಆದ್ರೆ ಪುಟ್ಟಿ ಹೊರಗಿಂದ ಬಂದವಳಲ್ಲ ಕಣೇ. ಒಳಗೇ ಇದ್ದವಳು. ಓಡಿಸೋದು ಎಲ್ಲಿಗೆ?” ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲೂ ಮೈಮೇಲೆ ಬರುವುದು, ಡಿಐಡಿ ಎರಡೂ ಬೇರೆ ಬೇರೆ ಇವೆ. ಒಳಗಿರುವ ಎಲ್ಲರೂ ಸೇರಿ ಒಂದಾಗಲೇಬೇಕು ಅಂತೇನಿಲ್ಲ, ಒಬ್ಬರಿಗೊಬ್ಬರು ಹೊಂದಿಕೊಂಡರೂ ಸಾಕು ಅಂದಿದ್ದಾರಂತೆ ಅವಳ ಡಾಕ್ಟರು. ಎಷ್ಟು ಸಮಾಧಾನ ಆಯಿತು ನನಗೆ.

ಮನೆಗೆ ಬಂದರೆ ಅಮ್ಮ ಶುರು ಮಾಡಿದರು. “ಹೀಗೆ ಊರಿಗೆಲ್ಲ ಹೇಳ್ಕೊಂಡ್ರೆ ಮದುವೆ ಗತಿ ಏನು?” ನಾನು ರೇಗಿದೆ. ಜಾಸ್ತಿಯೇ ರೇಗಿದೆ. ಊಟ ಮಾಡುವಾಗ ಇಬ್ಬರಿಗೂ ಮಾತಿಲ್ಲ.

ಪಾತ್ರೆ ತೊಳೆಯುತ್ತಾ ಅಮ್ಮನೇ ಅಂದರು: “ಭಾನುವಾರ ಕರಿ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡ್ತೀನಿ. ಆ ಮಗು ಬಂದ್ರೆ ಏನಂತ ಮಾತಾಡಿಸ್ಬೇಕೇ?”

ಹೆಸರು ಹಿಡಿದು ಕರೆಯಬಹುದಾ? ಮೊದಲು ಅವಳನ್ನೇ ಕೇಳಬೇಕು. ಆದರೆ ಪುಟ್ಟಿ ಬಂದದ್ದು ಎಷ್ಟೋ ಸಲ ಅವಳಿಗೇ ಗೊತ್ತಾಗುವುದಿಲ್ಲವಲ್ಲ, ಹಾಗಾದರೆ ಕೇಳುವುದು ಯಾರನ್ನ...